ಅತ್ತೆಯ ಬೆಳ್ಳುಳ್ಳಿ ಪಾತಿ

ಹಾಲು ತಳ ಹಿಡಿದು ಕರಕಲಾದ ವಾಸನೆ ಕೋಳಿಗೂಡಿನ ತನಕ ಬಂದಿತ್ತು. ಸೊಸೆ ಮೊಟ್ಟೆಯ ಬುಟ್ಟಿಯನ್ನು ಅಲ್ಲೇ ಇಟ್ಟು ಓಡಿ ಬಂದು ನೋಡಿದರೆ, ಅತ್ತೆ ಒಲೆಗೆ ಬೆನ್ನು ಹಾಕಿ ನಿಂತು ನೆಮ್ಮದಿಯಾಗಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಪಾತ್ರೆಗೂ ಅವರಿಗೂ ಒಂದು ಮಾರು ದೂರವೂ ಇರಲಿಲ್ಲ.

"ಏನತ್ತೆ, ಹಾಲು ಸೀದು ಹೋಯ್ತು! ವಾಸನೆ ಬರಲಿಲ್ವಾ?"

"ಬರದೆ ಏನು? ಇದೊಂದು ಗಡ್ಡೆ ಮುಗಿಸಿ ಇಳಿಸೋಣ ಅಂತಿದ್ದೆ. ಅಷ್ಟರಲ್ಲಿ ಬೆಂಕಿ ಬಿದ್ದ ಹಾಗೆ ಓಡಿ ಬಂದೆ ನೀನು."

ಆ ಮನೆಯಲ್ಲಿ ಅತ್ತೆಯ ಉತ್ತರಕ್ಕೆ ಮರುಪ್ರಶ್ನೆ ಹಾಕುವ ರೂಢಿ ಇರಲಿಲ್ಲ. ಸೊಸೆ ಪಾತ್ರೆಗೆ ನೀರು ಹೊಯ್ದು ನೆನೆಯಲು ಇಟ್ಟಳು. ಮೊನ್ನೆ ಮೊನ್ನೆ ಜ್ವರದಿಂದ ಎದ್ದವರು, ಗಮನ ಎಲ್ಲೋ ಇತ್ತು ಎಂದುಕೊಂಡು ಸುಮ್ಮನಾದಳು. ಹೊರಗೆ ಕೆಲಸ ಅಷ್ಟು ಬಿದ್ದಿರುವಾಗ ಸೀದ ಹಾಲಿನ ಬಗ್ಗೆ ಕೂತು ಯೋಚಿಸುವವರು ಯಾರು?

ಚಳಿ ಇಳಿಯುತ್ತ ಬಂದಿತ್ತು. ಕಲ್ಲಾಗಿದ್ದ ನೆಲ ಮೆಲ್ಲಗೆ ಬಿಗಿ ಬಿಡುತ್ತಿತ್ತು. ಮಾವ ಬೆಳಗಾದರೆ ಗೊಬ್ಬರದ ರಾಶಿ ತಿರುವಿಹಾಕಲು ಹೋಗುತ್ತಿದ್ದರು. ಗಂಡ ಬೇಲಿ ಕಟ್ಟುವುದು, ಹಣ್ಣಿನ ಮರಗಳ ಒಣರೆಂಬೆ ಕಡಿಯುವುದು, ಪಂಪು ಬಿಚ್ಚಿ ಮತ್ತೆ ಜೋಡಿಸುವುದು, ಹೀಗೆ ಮೈತುಂಬ ಕೆಲಸ ಹಚ್ಚಿಕೊಂಡಿದ್ದ. ಸೊಸೆಯ ಪಾಲಿಗೆ ಸಸಿತಟ್ಟೆಗಳು. ಟೊಮೆಟೊ, ಎಲೆಕೋಸು, ಮೆಣಸಿನಕಾಯಿಯ ಎಳೆ ಮೊಳಕೆಗಳನ್ನು ಬೆಳಿಗ್ಗೆ ಬಿಸಿಲಿಗೆ ಹೊರಗಿಡಬೇಕು, ಬಿಸಿಲು ಇಳಿಯುವ ಮೊದಲು ಒಳಗೆ ತರಬೇಕು. ತಟ್ಟೆ ಹೊತ್ತು ಹೊತ್ತು ಅವಳ ಸೊಂಟ ಅವಳದಾಗಿ ಉಳಿದಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಸಂತೆಗೆ ಒಯ್ಯಲು ಆ ದಿನಗಳಲ್ಲಿ ಇರುತ್ತಿದ್ದುದು ಒಂದೇ, ಬೆಳ್ಳುಳ್ಳಿ ಸೊಪ್ಪು. ಚಳಿಗಾಲದುದ್ದಕ್ಕೂ ಹಸಿರಿಲ್ಲದೆ ಬಾಯಿ ಕೆಟ್ಟ ಜನ ಅದಕ್ಕೆ ಮುಗಿಬೀಳುತ್ತಿದ್ದರು. ಬೆಳ್ಳುಳ್ಳಿಯ ಪಾತಿ ಮಾತ್ರ ಅತ್ತೆಯದು. ಅದಕ್ಕೆ ಇನ್ನೊಬ್ಬರು ಕುಡುಗೋಲು ಹಾಕುವ ಹಾಗಿರಲಿಲ್ಲ. ಬಿಸಿಲು ತಾಗುವ ಮುಂಚೆ ಕೊಯ್ದರೆ ಎಲೆ ಬಾಡುವುದಿಲ್ಲ ಎಂದು ಅತ್ತೆ ಇನ್ನೂ ಮಸುಕಿರುವಾಗಲೇ ಪಾತಿಗೆ ಇಳಿಯುತ್ತಿದ್ದರು. ಕೈಗೆ ಬಂದಷ್ಟು ಹಿಡಿಯುವುದು, ಕೊಯ್ಯುವುದು, ಮೂಗಿಗೆ ಹಿಡಿಯುವುದು, ಕಂತೆ ಕಟ್ಟುವುದು. ಕಣ್ಣಿನ ಕೆಲಸ ಅಲ್ಲಿ ಕಡಿಮೆ.

ಮೂಗಿಗೆ ಹಿಡಿಯಲು ಕಾರಣವಿತ್ತು. ಹಿಂದಿನ ವರ್ಷ ಇಲಿಗಳು ತೋಟವನ್ನು ಸೂರೆ ಮಾಡಿದ್ದವು. ಹಳದಿ ಹೂ ಬಿಡುವ ಒಂದು ಗಡ್ಡೆ ಇದೆ, ವಿಷದ್ದು, ಅದಕ್ಕೆ ಇಲಿ ಬಾಯಿ ಹಾಕುವುದಿಲ್ಲ. ಅತ್ತೆ ಮೊದಲೆಲ್ಲ ಅದನ್ನು ಬೇಲಿಯ ಉದ್ದಕ್ಕೆ ನೆಡುತ್ತಿದ್ದರು. ಈ ಸಲ ಚಳಿ ಶುರುವಾಗುವ ಮೊದಲು ಬೆಳ್ಳುಳ್ಳಿ ಊರುವಾಗ, ಎರಡು ಸಾಲು ಬೆಳ್ಳುಳ್ಳಿಗೆ ಒಂದು ಸಾಲು ಹೂಗಡ್ಡೆ ಎಂದು ಪಾತಿಯೊಳಗೇ ಕಾವಲು ಕೂರಿಸಿಬಿಟ್ಟರು. ಹೂ ಬಿಡುವ ತನಕ ಎರಡರ ಎಲೆಯೂ ಹೆಚ್ಚು ಕಡಿಮೆ ಒಂದೇ.

"ಅತ್ತೆ, ಕೊಯ್ಯುವಾಗ ಬೆರೆತು ಹೋಗಲ್ವಾ?" ಎಂದು ಸೊಸೆ ಆಗಲೇ ಕೇಳಿದ್ದಳು.

"ನನ್ನ ಮೂಗು ಇರೋದು ಬರೀ ಮೂಗುಬೊಟ್ಟು ಹಾಕ್ಕೊಳ್ಳೋಕಾ?" ಎಂದು ಅತ್ತೆ ನಕ್ಕಿದ್ದರು. ಮಾವನೂ ನಕ್ಕಿದ್ದರು. ಮಾತು ಅಲ್ಲಿಗೆ ಮುಗಿದಿತ್ತು.

ಸೊಪ್ಪಿನ ಮೊದಲ ಎರಡು ವಾರದ ಸಂತೆ ಚೆನ್ನಾಗಿಯೇ ನಡೆಯಿತು. ಅಲ್ಲಿ ಅಂಗಡಿ ನೋಡಿಕೊಳ್ಳುವವಳು ನಾದಿನಿ. ಅವಳ ಗಂಟಲು ಎಂಥದ್ದೆಂದರೆ ಮನೆಯವರು ಅವಳಿಗೆ ರೇಡಿಯೋ ಎಂದೇ ಹೆಸರಿಟ್ಟಿದ್ದರು. ಆ ದಿನಗಳಲ್ಲಿ ಹೂಗಡ್ಡೆಯ ಎಲೆ ಇನ್ನೂ ಗಿಡ್ಡವಾಗಿತ್ತು, ಕುಡುಗೋಲಿಗೆ ಸಿಗುತ್ತಿರಲಿಲ್ಲ. ಮೂರನೆಯ ವಾರ ಬಿಸಿಲು ಚುರುಕಾಯಿತು. ಎರಡೂ ಸಮಸಮ ಎದ್ದು ನಿಂತವು.

ಆ ವಾರದ ಸಂತೆ ಮುಗಿಸಿ ನಾದಿನಿ ಒಂದು ಕಂತೆ ಉಳಿಸಿ ತಂದಳು. ಸೊಸೆ ಅದನ್ನು ಬಿಚ್ಚದೆ ಹಾಗೇ ಮಣೆಯ ಮೇಲಿಟ್ಟು ಕತ್ತರಿಸಿ, ಮೊಟ್ಟೆಯ ಜೊತೆ ಹುರಿದಳು. ಕತ್ತರಿಸುವಾಗ ಬೆರಳಿಗೆ ಲೋಳೆ ಲೋಳೆಯಾಗಿ ಅಂಟಿತ್ತು. ತೊಳೆದ ನೀರು ಇರಬೇಕು ಎಂದು ಸೆರಗಿಗೆ ಒರೆಸಿಕೊಂಡಿದ್ದಳು.

ಊಟ ಮುಗಿದು ಮಾವ ಇನ್ನೂ ಕೈ ತೊಳೆದಿರಲಿಲ್ಲ, ಬಚ್ಚಲಿಗೆ ಓಡಿದರು. ಅವರ ಹಿಂದೆ ಗಂಡ. ನಾಲ್ಕು ವರ್ಷದ ಮಗಳು ಗುಬ್ಬಿ ಮಾತ್ರ ಕೂತಲ್ಲೇ ವಾಂತಿ ಮಾಡಿಕೊಂಡಳು. ಒಂದು ಸಲವಲ್ಲ. ಹೊಟ್ಟೆಯಲ್ಲಿ ಇದ್ದದ್ದೆಲ್ಲ ಹೋದ ಮೇಲೂ ಮಗು ಬಿಲ್ಲಿನ ಹಾಗೆ ಬಾಗಿ ಬಾಗಿ ಓಕರಿಸುತ್ತಿತ್ತು. ತುಟಿ ಬಿಳಿಚಿಕೊಂಡಿತು. ಸೊಸೆಯೂ ಅತ್ತೆಯೂ ನಾದಿನಿಯೂ ಬಡಿಸಿ ಆಮೇಲೆ ಉಣ್ಣುವವರು, ಇನ್ನೂ ತಟ್ಟೆಗೆ ಕೂತಿರಲಿಲ್ಲ.

"ಏನು ಹಾಕಿದೆ ಇದಕ್ಕೆ?" ಎಂದು ಅತ್ತೆ ಕೂಗಿದರು. "ಕೆಟ್ಟ ಮೊಟ್ಟೆ ಹಾಕಿದ್ದೀಯಾ. ಒಡೆದು ನೋಡಿ ಹಾಕು ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ!"

"ಬೆಳಿಗ್ಗೆ ತೆಗೆದ ಮೊಟ್ಟೆ ಅತ್ತೆ."

"ಹಾಗಾದರೆ ನಿನ್ನ ಕೈಯೇ ಸರಿ ಇಲ್ಲ."

ಸೊಸೆ ಉತ್ತರ ಕೊಡಲು ನಿಲ್ಲಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬೀದಿ ಕೊನೆಯ ಡಾಕ್ಟರ ಹತ್ತಿರ ಓಡಿದಳು. ಏನೋ ಕೆಟ್ಟದ್ದು ತಿಂದಿದೆ, ಉಪ್ಪು ಸಕ್ಕರೆ ನೀರು ಕುಡಿಸುತ್ತಿರಿ, ಮಂಪರು ಹೆಚ್ಚಾದರೆ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು ಡಾಕ್ಟರು. ಮಂಪರು ಎಂದರೆ ಎಷ್ಟು ಎಂದು ಕೇಳಲು ಅವಳಿಗೆ ಹೊಳೆಯಲಿಲ್ಲ. ಸಂಜೆಯವರೆಗೆ ಚಮಚ ಚಮಚ ನೀರು ಕುಡಿಸುತ್ತ, ಮಗು ಕಣ್ಣು ಮುಚ್ಚಿದಾಗೆಲ್ಲ ಕೆನ್ನೆ ತಟ್ಟಿ ಎಬ್ಬಿಸುತ್ತ ಕೂತಳು. ಕೊನೆಗೆ ಗುಬ್ಬಿ, "ಅಮ್ಮ, ಹೊಡೀಬೇಡ" ಎಂದಾಗ ಅವಳಿಗೆ ಅಳು ಬಂತು.

ಮಾರನೆಯ ಬೆಳಿಗ್ಗೆ ಕೋಳಿಗಳಿಗೆ ಹಾಕುವ ಕಸದ ಬಕೆಟ್ ಎತ್ತಿಕೊಂಡಾಗ ಸೊಪ್ಪಿನ ಬುಡದ ತುಂಡುಗಳು ಕಂಡವು. ಒಂದನ್ನು ಎತ್ತಿ ನೋಡಿದಳು. ಬೆಳ್ಳುಳ್ಳಿ ಎಲೆ ನಡುವೆ ಮಡಚಿದ ಹಾಗಿರುತ್ತದೆ. ಇದು ಚಪ್ಪಟೆ, ದಪ್ಪ. ಹಿಸುಕಿದರೆ ಅದೇ ಲೋಳೆ. ಮೂಗಿಗೆ ಹಿಡಿದರೆ ಬರೀ ಹುಲ್ಲಿನ ವಾಸನೆ. ಬಕೆಟ್ ಅಲ್ಲೇ ಬಿಟ್ಟು ಪಾತಿಗೆ ಓಡಿದಳು. ಬೆಳ್ಳುಳ್ಳಿಯ ಎರಡು ಸಾಲು ಕೊಯ್ದಾಗಿತ್ತು, ಅದರ ಪಕ್ಕದ ಹೂಗಡ್ಡೆಯ ಸಾಲೂ ಅಷ್ಟೇ ನೀಟಾಗಿ ಕೊಯ್ದಾಗಿತ್ತು. ಪಾತಿಯ ಆ ತುದಿಯಿಂದ ಈ ತುದಿಯವರೆಗೆ.

ತಮ್ಮ ಮನೆಗೆ ಬಂದದ್ದು ಒಂದು ಕಂತೆ. ಉಳಿದದ್ದೆಲ್ಲ ಸಂತೆಯಲ್ಲಿ ಮಾರಿ ಹೋಗಿತ್ತು.

ಅಡುಗೆ ಮನೆಯಲ್ಲಿ ಎಲ್ಲರೂ ಇದ್ದರು. ಸೊಸೆ ಹಿಂದೆ ಕೈ ಕಟ್ಟಿಕೊಂಡು ಅತ್ತೆಯ ಮುಂದೆ ನಿಂತಳು. ಎರಡು ಬಗೆಯ ಎಲೆ ಹಿಸುಕಿ ಎರಡು ಮುಷ್ಟಿಯಲ್ಲಿ ಹಿಡಿದಿದ್ದಳು.

"ಅತ್ತೆ, ಕಣ್ಣು ಮುಚ್ಚಿಕೊಳ್ಳಿ. ಇದರಲ್ಲಿ ಬೆಳ್ಳುಳ್ಳಿ ಯಾವುದು ಹೇಳಿ."

"ಏನೇ ಇದು, ಬೆಳಿಗ್ಗೆ ಬೆಳಿಗ್ಗೆ ಮಕ್ಕಳಾಟ?"

"ಹೇಳಿ ಅತ್ತೆ."

ಅವಳ ದನಿಯಲ್ಲಿ ಏನಿತ್ತೋ, ಅತ್ತೆ ಕಣ್ಣು ಮುಚ್ಚಿದರು. ಸೊಸೆಯ ಎಡಗೈ ಮೂಗಿನ ಹತ್ತಿರ ಬಂತು, ಬಲಗೈ ಬಂತು. ಅತ್ತೆ ಎರಡನ್ನೂ ಇನ್ನೊಂದು ಸಲ ಹತ್ತಿರಕ್ಕೆಳೆದುಕೊಂಡರು. "ಇದು" ಎಂದು ಎಡಗೈ ಮುಟ್ಟಿದರು. ಅದು ಹೂಗಡ್ಡೆಯ ಎಲೆಯಾಗಿತ್ತು. ಬಲಗೈಯ ಬೆಳ್ಳುಳ್ಳಿಯ ಘಾಟು ನಾದಿನಿ ನಿಂತ ಜಾಗಕ್ಕೂ ಹೊಡೆಯುತ್ತಿತ್ತು.

"ಅಮ್ಮಾ!" ಎಂದಳು ನಾದಿನಿ. ರೇಡಿಯೋ ಬಾಯಿಂದ ಅಷ್ಟು ಸಣ್ಣ ದನಿ ಆ ಮನೆಯವರು ಕೇಳಿರಲಿಲ್ಲ.

"ಯಾವತ್ತಿಂದ?" ಎಂದು ಮಾವ ಕೇಳಿದರು.

ಅತ್ತೆ ಸ್ಟೂಲಿನ ಮೇಲೆ ಕೂತರು. "ಜ್ವರ ಬಿಟ್ಟಾಗಿಂದ. ಬರುತ್ತೆ, ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತಿದ್ದೆ. ನಿಮಗೆ ಹೇಳಿದ್ರೆ ಏನು ಮಾಡ್ತಿದ್ರಿ? ಕುಡುಗೋಲು ಕಿತ್ಕೊಂಡು, ಮೂಲೆಯಲ್ಲಿ ಕೂತು ಬಟಾಣಿ ಸುಲಿ ಅಂತಿದ್ರಿ. ಅದಕ್ಕೇ ದಿನಾ ಮೂಗಿಗೆ ಹಿಡೀತಿದ್ದೆ. ಬಂದ ಹಾಗೇ ಅನ್ನಿಸ್ತಿತ್ತು ಕಣ್ರೋ."

ಸೊಸೆಗೆ ಅತ್ತೆಯ ಮೇಲೆ ಕೆಂಡದಂಥ ಸಿಟ್ಟು ಬಂತು. ಮಗುವಿನ ಬಿಳಿಚಿದ ತುಟಿ ಕಣ್ಣ ಮುಂದೆ ಬಂತು. ಆದರೆ ಸಿಟ್ಟಿಗಿಂತ ಹೆದರಿಕೆ ಮುಂದಿತ್ತು. "ನಿನ್ನೆ ಯಾರು ಯಾರು ತಗೊಂಡ್ರು?" ಎಂದು ನಾದಿನಿಯನ್ನು ಕೇಳಿದಳು.

"ಅಲ್ಲೊಂದು ಇಲ್ಲೊಂದು ಬಿಡಿ ಕಂತೆ ಹೋಯ್ತು ಅತ್ತಿಗೆ. ಬಾಕಿ ಬುಟ್ಟಿಗೆ ಬುಟ್ಟಿನೇ ಸೌಟಕ್ಕ ತಗೊಂಡ್ಳು."

ಸೌಟಕ್ಕ ಎಂದರೆ ಹುಡುಗಿಯರ ಹಾಸ್ಟೆಲಿನ ಅಡುಗೆಯವಳು. ಸಂತೆಗೆ ಬರುವಾಗಲೂ ಸೊಂಟಕ್ಕೆ ಸೌಟು ಸಿಕ್ಕಿಸಿಕೊಂಡು ಬರುವವಳಾದ್ದರಿಂದ ಆ ಹೆಸರು. ನಾದಿನಿ ಫೋನು ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಹಾಸ್ಟೆಲಿನ ನಂಬರು ಯಾರ ಹತ್ತಿರವೂ ಇರಲಿಲ್ಲ.

"ಯಾರೂ ಎಲ್ಲೂ ಬಾಯಿ ಬಿಡಬಾರದು" ಎಂದ ಗಂಡ. "ನಮಗೆ ವಾಂತಿಯಾಯ್ತು, ಹೋಯ್ತು. ಅವರಿಗೂ ಹಾಗೇ ಹೋಗುತ್ತೆ. ಇದು ಹೊರಗೆ ಬಿದ್ದರೆ ನಮ್ಮ ತೋಟದ ಒಂದು ಕಡ್ಡೀನೂ ಯಾರೂ ಮುಟ್ಟಲ್ಲ. ಪೊಲೀಸರು ಬಂದ್ರೆ ಅಮ್ಮನ್ನ ಎಳ್ಕೊಂಡು ಹೋಗ್ತಾರೆ."

"ಅವನು ಹೇಳೋದು ಸರಿ" ಎಂದರು ಮಾವ. ಕುಡಿಯದ ಲೋಟವನ್ನು ಕೆಳಗಿಟ್ಟರು.

"ಗುಬ್ಬಿ ಒಂದು ತುತ್ತು ತಿಂದಿದ್ದಕ್ಕೆ ಹಾಗಾಯ್ತು ರೀ. ತಟ್ಟೆ ತುಂಬ ತಿಂದವರು?"

"ನೀನು ಕತ್ತರಿಸುವಾಗ ನೋಡ್ಬೇಕಿತ್ತು!"

"ಹೌದು, ನೋಡ್ಬೇಕಿತ್ತು. ನೋಡಲಿಲ್ಲ. ಅದಕ್ಕೇ ಈಗ ಹೇಳ್ತಿದ್ದೀನಿ."

ಮಾತಿಗೆ ಮಾತು ಬೆಳೆಯಿತು. ನಾದಿನಿ ಅದು ಮುಗಿಯಲಿ ಎಂದು ಕಾಯದೆ ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ಹೋದಳು. ಮಿಕ್ಕವರು ಕೆಲಸಕ್ಕೆ ಹೋದಂತೆ ಮಾಡಿದರು. ಮಾವ ಒಂದೇ ಜಾಗದ ಗೊಬ್ಬರವನ್ನು ಮತ್ತೆ ಮತ್ತೆ ತಿರುವಿದರು. ಸೊಸೆ ಸಸಿತಟ್ಟೆಗಳನ್ನು ಹೊರಗಿಟ್ಟಳು. ರಸ್ತೆಯಲ್ಲಿ ಗಾಡಿ ಸದ್ದಾದರೆ ಸಾಕು, ಎಲ್ಲರ ತಲೆಯೂ ಗೇಟಿನ ಕಡೆ ತಿರುಗುತ್ತಿತ್ತು. ಅತ್ತೆ ಮಾತ್ರ ಸ್ಟೂಲಿನಿಂದ ಏಳಲಿಲ್ಲ.

ನಾದಿನಿ ಊಟದ ಹೊತ್ತಿಗೆ ಬಂದಳು.

"ಹಾಸ್ಟೆಲ್ ಹುಡುಗಿಯರು ಸಾಲಾಗಿ ಮಲಗಿದ್ದಾರಂತೆ. ಒಬ್ಬಳನ್ನ ಆಸ್ಪತ್ರೆಗೆ ಸೇರಿಸಿದ್ದಾರೆ, ಡ್ರಿಪ್ ಹಾಕಿದ್ದಾರೆ. ಮೊದಲೇ ಯಾವುದೋ ಹೃದಯದ ತೊಂದರೆ ಇದ್ದ ಹುಡುಗಿಯಂತೆ. ಏನು ಹೊಟ್ಟೆಗೆ ಹೋಗಿದೆ ಅಂತ ಡಾಕ್ಟರಿಗೆ ಗೊತ್ತಾಗ್ತಿಲ್ಲವಂತೆ." ಅವಳು ಉಸಿರು ತೆಗೆದುಕೊಂಡಳು. "ಸೌಟಕ್ಕನ್ನ ಕೆಲಸದಿಂದ ತೆಗೆದುಹಾಕಿದ್ದಾರೆ. ಹಳಸಿದ್ದು ಬಡಿಸಿದ್ಳು ಅಂತ."

ಅತ್ತೆ ಎದ್ದು ನಿಂತರು. ಗೂಟದಲ್ಲಿದ್ದ ಶಾಲು ತೆಗೆದು ಹೊದ್ದುಕೊಂಡರು. "ನಡಿ" ಎಂದರು ಸೊಸೆಗೆ.

"ಅಮ್ಮ, ಎಲ್ಲಿಗೆ?" ಗಂಡ ಬಾಗಿಲಿಗೆ ಅಡ್ಡ ನಿಂತ.

"ದಾರಿ ಬಿಡು."

"ಅಮ್ಮ, ಆ ಹುಡುಗಿಗೆ ಏನಾದರೂ ಆದ್ರೆ ನಿನ್ನ ತಲೆಗೇ ಬರುತ್ತೆ."

"ಏನಾದರೂ ಆದ ಮೇಲೆ ಹೋಗಿ ಹೇಳಲೇನೋ? ದಾರಿ ಬಿಡು ಅಂದೆ."

ಪಾತಿಯಿಂದ ಎರಡೂ ಬಗೆಯ ಗಿಡವನ್ನು ಗಡ್ಡೆ ಸಮೇತ ಕಿತ್ತು ಚೀಲಕ್ಕೆ ಹಾಕಿಕೊಂಡು ಇಬ್ಬರೂ ಹೊರಟರು. ದಾರಿಯುದ್ದಕ್ಕೂ ಅತ್ತೆ ಸೊಸೆಯ ಮುಂಗೈ ಹಿಡಿದುಕೊಂಡಿದ್ದರು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಆಮೇಲೆ ನೋಡಿದರೆ ಬಳೆಯ ಗುರುತು ಮೂಡಿತ್ತು. ಹಾಸ್ಟೆಲಿನ ವಾರ್ಡನ್ ಮೊದಲು ನಂಬಲಿಲ್ಲ, ಆಮೇಲೆ ಬೈದಳು, ಬೈಯುತ್ತಲೇ ಆಸ್ಪತ್ರೆಗೆ ಫೋನು ಮಾಡಿದಳು. ಅಲ್ಲಿಯವರು ಗಡ್ಡೆಯನ್ನು ಕೂಡಲೇ ತರಲು ಹೇಳಿದರು. ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ, "ಇದನ್ನು ನಿನ್ನೆಯೇ ತಂದಿದ್ದರೆ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ಅರ್ಧ ಮಾತು ಅತ್ತೆಯನ್ನು ಹಿಂಡಿ ಹಾಕಿತು. ಮನೆಗೆ ಬಂದು ಏನೂ ಉಣ್ಣಲಿಲ್ಲ.

ಆ ವಾರವೇ ಗಂಡ ಬೆಳ್ಳುಳ್ಳಿ ಪಾತಿಯನ್ನು ಪೂರ್ತಿ ಅಗೆದು, ಗಡ್ಡೆಯನ್ನೆಲ್ಲ ಆಯ್ದು ಸುಟ್ಟ. ನಾದಿನಿ ಸಂತೆಯಲ್ಲಿ ಖಾಲಿ ಅಂಗಡಿಯ ಮುಂದೆ ನಿಂತು, ಸೊಪ್ಪು ಒಯ್ದವರೆಲ್ಲ ಅದನ್ನು ಬಿಸಾಡಿ ಎಂದು ಗಂಟಲು ಹರಿಯುವಂತೆ ಕೂಗಿ ಬಂದಳು. ಕೆಲವರು ಬಂದು ಬೈದು ಹೋದರು. ಒಬ್ಬ ಮುದುಕ ತಾನು ವಾಂತಿ ಮಾಡಿಕೊಂಡ ಬಗೆಯನ್ನು ವಿವರವಾಗಿ ಹೇಳಿ ಹೋದ. ಸೊಸೆ ದಿನವೂ ಆಸ್ಪತ್ರೆಯ ಬಾಗಿಲಿಗೆ ಹೋಗಿ ಹುಡುಗಿ ಹೇಗಿದ್ದಾಳೆ ಎಂದು ಕೇಳಿ ಬರುತ್ತಿದ್ದಳು. ಪೊಲೀಸರು ಒಂದು ಸಲ ಬಂದು, ಅತ್ತೆ ಹೇಳಿದ್ದನ್ನು ಬರೆದುಕೊಂಡು, ಮತ್ತೆ ಕರೆಸುತ್ತೇವೆ ಎಂದು ಹೋದರು. ಕೊನೆಗೊಂದು ದಿನ ಹುಡುಗಿ ಎದ್ದು ಕೂತಿದ್ದಾಳೆ, ಗಂಜಿ ಕುಡಿದಳು ಎಂಬ ಸುದ್ದಿ ಬಂತು. ಮಾವ ಗೋಡೆಗೆ ಮುಖ ಮಾಡಿ ನಿಂತು ಮಕ್ಕಳ ಹಾಗೆ ಅತ್ತುಬಿಟ್ಟರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರು. ಎರಡು ವಾರದ ಮೇಲೆ ನಾದಿನಿ ಇನ್ನೊಂದು ಸುದ್ದಿ ತಂದಳು. ಹಾಸ್ಟೆಲಿನವರು ಸೌಟಕ್ಕನನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ, ಅವಳು ಬರುತ್ತಿಲ್ಲ. ಎರಡು ಸಲ ಹೇಳಿ ಕಳಿಸಿದರೂ ಬರುತ್ತಿಲ್ಲ.

"ಕೋಪ ಇರಬೇಕು" ಎಂದರು ಮಾವ.

"ಕೋಪ ಅಲ್ಲಪ್ಪ. ಒಲೆಯ ಹತ್ತಿರಾನೇ ಹೋಗ್ತಿಲ್ಲವಂತೆ."

ಈ ಸಲವೂ ಅತ್ತೆ ಸೊಸೆಯನ್ನೇ ಕರೆದರು. ಸೌಟಕ್ಕನ ಮನೆ ಮೆಟ್ಟಿಲು ಹತ್ತಿ ಹೋಗುವ ಒಂದು ಕೋಣೆ. ಬಾಗಿಲು ತೆರೆದ ಹೆಂಗಸನ್ನು ಸೊಸೆ ಗುರುತು ಹಿಡಿಯಲಿಲ್ಲ. ಸಂತೆಯಲ್ಲಿ ದಾರಿ ಬಿಡಿಸಿಕೊಂಡು ನಡೆಯುತ್ತಿದ್ದ ಆ ಮೈಕಟ್ಟು ಎಲ್ಲಿ ಹೋಯಿತೋ. ಅವಳ ಹಿಂದೆ ಇಬ್ಬರು ಮೊಮ್ಮಕ್ಕಳು ಅಂಗಡಿಯ ಒಣ ಬ್ರೆಡ್ಡು ಕಚ್ಚುತ್ತ ನಿಂತಿದ್ದರು. ಒಲೆಯ ಮೇಲೆ ಒಂದು ಪಾತ್ರೆಯೂ ಇರಲಿಲ್ಲ.

ಅತ್ತೆ ನಿಂತಲ್ಲೇ ಹೇಳಿದರು. ಜ್ವರ ಬಂದದ್ದು, ಮೂಗು ಹೋದದ್ದು, ಅದನ್ನು ಮುಚ್ಚಿಟ್ಟದ್ದು, ಕೊಯ್ದದ್ದು, ಒಂದನ್ನೂ ಬಿಡಲಿಲ್ಲ. "ನಿನ್ನ ತಪ್ಪು ಏನೂ ಇಲ್ಲಮ್ಮ. ಎಲ್ಲ ನನ್ನದು" ಎಂದರು.

"ವಾರ್ಡನ್ನೂ ಹಾಗೇ ಹೇಳಿ ಕಳಿಸಿದ್ರು" ಎಂದಳು ಸೌಟಕ್ಕ. "ನನಗೆ ಸಮಾಧಾನ ಆಗಲಿ ಅಂತ ಎಲ್ಲರೂ ಏನೋ ಒಂದು ಹೇಳ್ತಾರೆ. ಬಡಿಸಿದವಳು ನಾನಲ್ವಾ? ಇನ್ನೊಂದು ಸ್ವಲ್ಪ ಹಾಕ್ಕೊಳ್ಳೇ, ಎಳೆ ಸೊಪ್ಪು ಅಂತ ಆ ಹುಡುಗಿಗೆ ಬಲವಂತ ಮಾಡಿ ಹಾಕಿದವಳು ನಾನು. ಸೌಟು ಹಿಡಿದರೆ ಈಗ ಕೈ ನಡುಗುತ್ತೆ. ಈ ಮಕ್ಕಳಿಗೆ ಒಂದು ಗಂಜಿ ಕಾಯಿಸೋಕೂ ಭಯ."

ಅವಳು ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು, ಅವು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ಸೊಸೆಗೆ ಆ ಕೈ ನೋಡಲಾಗಲಿಲ್ಲ. ಹೆದರಿಕೆ ತಮ್ಮ ಮನೆಯಲ್ಲಷ್ಟೇ ಇದೆ ಎಂದು ಇಷ್ಟು ದಿನ ತಿಳಿದಿದ್ದಳು.

ಅತ್ತೆ ಒಳಗೆ ಬಂದು ನೆಲದ ಮೇಲೆ ಕೂತರು. "ನನಗೆ ಹಸಿವಾಗಿದೆ" ಎಂದರು. "ಏನಾದರೂ ಮಾಡಿ ಹಾಕು."

"ನಾನಾ?"

"ನೀನೇ. ಮನೇಲಿ ಏನಿದೆಯೋ ಅದು."

ಸೌಟಕ್ಕ ಮಕ್ಕಳ ಕೈಯಲ್ಲಿದ್ದ ಒಣ ಬ್ರೆಡ್ಡನ್ನು ನೋಡಿದಳು. ಆಮೇಲೆ ಡಬ್ಬದಿಂದ ಅಕ್ಕಿ ತೆಗೆದಳು, ತೊಳೆದಳು, ಬೆಳಕಿಗೆ ಹಿಡಿದು ನೋಡಿ ಮತ್ತೆ ತೊಳೆದಳು. ಕಡ್ಡಿ ಗೀರುವಾಗ ಎರಡು ಸಲ ಮುರಿಯಿತು. ಸೊಸೆ ಸಹಾಯಕ್ಕೆ ಏಳಹೋದಳು, ಅತ್ತೆ ಅವಳ ಸೆರಗು ಹಿಡಿದು ಕೂರಿಸಿದರು. ಗಂಜಿ ಕುದಿಯಿತು. ಮಕ್ಕಳು ಬ್ರೆಡ್ಡು ಕೆಳಗಿಟ್ಟು ಹತ್ತಿರ ಹತ್ತಿರ ಸರಿದು ಬಂದರು. ಸೌಟಕ್ಕ ಒಂದೇ ಬಟ್ಟಲಿಗೆ ಹಾಕಿ ಅತ್ತೆಯ ಮುಂದಿಟ್ಟು, ಎರಡೂ ಮಕ್ಕಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮೊದಲು ಅವರು ತಿನ್ನಲಿ" ಎಂದಳು.

ಅತ್ತೆ ತಿಂದರು. ಊದಿ ಊದಿ, ಬಟ್ಟಲಿನ ತಳ ಕಾಣುವ ತನಕ ತಿಂದರು. ಸೌಟಕ್ಕ ಅವರ ತುಟಿಯನ್ನು, ಕಣ್ಣನ್ನು, ಹಣೆಯನ್ನು ನೋಡುತ್ತ ನಿಂತಳು. ಸೊಸೆಯೂ ನೋಡಿದಳು. ಬರೀ ಅಕ್ಕಿ, ನೀರು, ಉಪ್ಪು ಎಂದು ತಾನೇ ಕಣ್ಣಾರೆ ಕಂಡಿದ್ದರೂ ಅವಳಿಗೆ ಕಣ್ಣು ಕೀಳಲಾಗಲಿಲ್ಲ. ಬಟ್ಟಲು ಕೆಳಗಿಟ್ಟು ಅತ್ತೆ ಕೈ ಕಟ್ಟಿ ಕೂತರು. ಕಾದರು. ಒಲೆಯ ಮೇಲೆ ಉಳಿದ ಗಂಜಿ ಕೆನೆಗಟ್ಟತೊಡಗಿತು.

ಮೊಮ್ಮಕ್ಕಳಲ್ಲಿ ಚಿಕ್ಕವಳಿಗೆ ತಡೆಯಲಾಗಲಿಲ್ಲ. ಅತ್ತೆಯ ಮುಖದ ಹತ್ತಿರ ಬಗ್ಗಿ ಚೆನ್ನಾಗಿ ನೋಡಿ, ಅಜ್ಜಿಯ ಕೈ ಜಗ್ಗಿದಳು.

"ಅಜ್ಜಿ, ಇವರು ಸತ್ತಿಲ್ಲ. ಈಗ ನಮಗೆ ಹಾಕ್ತೀಯಾ?"